ಕನ್ನಡಿಯ ಹಿಂದಿನ ಗೂಡು

ಗವಿಮಠದ ಜಾತ್ರೆ ಬಂತೆಂದರೆ ಕೊಪ್ಪಳದಲ್ಲಿ ಮನೆಮನೆಗೂ ನೆಂಟರು. ಹೋದ ಜಾತ್ರೆಗೆ ನಮ್ಮಲ್ಲಿ ಹದಿನಾಲ್ಕು ಮಂದಿ ಇದ್ದೆವು. ಕುಕನೂರಿನಿಂದ ಮಾವನ ತಂಗಿಯ ಮನೆಯವರು, ಗಂಗಾವತಿಯಿಂದ ನಾದಿನಿಯ ಮನೆಯವರು, ಜೊತೆಗೆ ನನ್ನ ತವರಿನ ನಾಲ್ವರು. ಸಂಜೆ ತೇರು ನೋಡಿ, ದಾಸೋಹದಲ್ಲಿ ರೊಟ್ಟಿ, ಮಾದಲಿ ಉಂಡು, ತಡರಾತ್ರಿ ಬಂದು ಪಡಸಾಲೆಯಲ್ಲಿ ಸಾಲಾಗಿ ಮಲಗಿದ್ದರು. ಹದಿನಾಲ್ಕು ಮಂದಿಗೆ ಇದ್ದದ್ದು ಒಂದೇ ಬಚ್ಚಲುಮನೆ.

ಮರುದಿನ ಬೆಳಗ್ಗೆ ಎಲ್ಲರೂ ಚಹಾ ಕುಡಿಯುತ್ತ ಕೂತಿದ್ದೆವು. ನಾದಿನಿಯ ಐದು ವರ್ಷದ ಮಗ ಬಚ್ಚಲಿನಿಂದ ಓಡಿ ಬಂದ. ಅವನ ಕೈಯಲ್ಲಿ ಮಡಚಿದ ಡೈಪರ್ ಇತ್ತು. "ಇಷ್ಟು ದೊಡ್ಡದು ಯಾವ ಪಾಪೂದು?" ಅಂತ ಎಲ್ಲರ ನಡುವೆ ನಿಂತು ಕೇಳಿದ.

ಯಾರೂ ನಗಲಿಲ್ಲ. ನಾದಿನಿ ಎದ್ದು ಅದನ್ನು ಅವನ ಕೈಯಿಂದ ತಗೊಂಡು ಒಳಗೆ ಹೋದಳು. ಮಾವ ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕೂತಿದ್ದರು. ಬಲಗೈಯಿಂದ ಎಡಗೈಯನ್ನು ಎತ್ತಿ ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡರು. ಆಮೇಲೆ ಲೋಟ ಎತ್ತಿ ಉಳಿದ ಚಹಾ ಕುಡಿದರು.

ಮಾವನಿಗೆ ಅದರ ಹಿಂದಿನ ವರ್ಷ ಲಕ್ವಾ ಹೊಡೆದಿತ್ತು. ಮಾತು ಬೇಗ ಸರಿಹೋಯಿತು. ಕಾಲು ನಿಧಾನಕ್ಕೆ ಬಂತು. ಎಡಗೈ ಮಾತ್ರ ಬರಲಿಲ್ಲ. ಡೈಪರುಗಳನ್ನು ಬಚ್ಚಲಿನ ಕಿಟಕಿಯ ಕಟ್ಟೆಯ ಮೇಲೆ ಇಟ್ಟುಕೊಳ್ಳುತ್ತಿದ್ದರು, ಅದರ ಮೇಲೊಂದು ಟವೆಲ್ ಹೊದಿಸುತ್ತಿದ್ದರು. ನಾನು ದಿನಾ ಆ ಟವೆಲ್ ತೆಗೆದು ಅಂಗಳದ ತಂತಿಗೆ ಒಣಹಾಕುತ್ತಿದ್ದೆ. ಒದ್ದೆ ಟವೆಲನ್ನು ಸುಮ್ನೆ ಇಲ್ಲಿ ಯಾಕೆ ಬಿಡುತ್ತಾರೆ ಅಂದುಕೊಂಡಿದ್ದೆ. ಅದು ಮರೆ ಅಂತ ನನಗೆ ಹೊಳೆದದ್ದು ಆ ಬೆಳಗ್ಗೆ. ಆ ಸಂಕಟ ಈಗಲೂ ಹೋಗಿಲ್ಲ.

ಹೊಳೆಯಬೇಕಿತ್ತು. ಯಾಕೆಂದರೆ ನನ್ನದೂ ಅದೇ ಕತೆ. ಮದುವೆಯಾಗಿ ಈ ಮನೆಗೆ ಬಂದು ಹದಿನೇಳು ವರ್ಷ. ಅಷ್ಟು ವರ್ಷವೂ ತಿಂಗಳ ಆ ಐದು ದಿನ ಪ್ಯಾಡನ್ನು ಪೇಪರಿನಲ್ಲಿ ಸುತ್ತಿ, ಸೆರಗಿನ ಕೆಳಗೆ ಹಿಡಿದು, ಪಡಸಾಲೆ ದಾಟಿ ಬಚ್ಚಲಿಗೆ ಹೋಗಿದ್ದೇನೆ. ಮಗಳು ಒಂಬತ್ತನೆಯ ತರಗತಿ. ಅವಳದೆಲ್ಲ ಅವಳ ಶಾಲೆಯ ಬ್ಯಾಗಿನಲ್ಲೇ ಇರುತ್ತಿತ್ತು. ಒಂದೇ ಬಚ್ಚಲು, ನಾಲ್ಕು ಜನ. ನಾಲ್ಕೂ ಜನರಿಗೆ ಮುಚ್ಚಿಡುವಂಥದ್ದು ಏನಾದರೂ ಇದ್ದೇ ಇತ್ತು. ಇಡುವ ಜಾಗ ಮಾತ್ರ ಇರಲಿಲ್ಲ.

ಮಾವನ ಹಳ್ಳಿಯ ಮನೆಯಲ್ಲಿ ಜಾಗಕ್ಕೆ ಬರವಿರಲಿಲ್ಲ. ಅದು ಕಲ್ಲು ಮಣ್ಣಿನ ಮಾಳಿಗೆ ಮನೆ. ಗೋಡೆ ಎರಡು ಅಡಿ ದಪ್ಪ. ಗೋಡೆ ಕಟ್ಟುವಾಗಲೇ ಅಲ್ಲಲ್ಲಿ ಗೂಡು ಬಿಟ್ಟಿದ್ದರು. ದೀಪಕ್ಕೊಂದು ಗೂಡು, ಎಣ್ಣೆ ಗಿಂಡಿಗೊಂದು, ಬಚ್ಚಲಿನಲ್ಲಿ ಶೀಗೆಪುಡಿ, ಮೈ ಉಜ್ಜುವ ಕಲ್ಲು ಇಡಲು ಇನ್ನೊಂದು. ತಲೆಬಾಗಿಲ ಪಕ್ಕದ ಗೂಡು ಮಾವನದು. ಅದರಲ್ಲಿ ರೇಜರು, ಬ್ರಷ್ಷು, ಹಿತ್ತಾಳೆ ಬಟ್ಟಲು, ಪಟಿಕದ ಹಳಕು. ಗೂಡಿನ ಮುಂದೆ ಮೊಳೆಗೆ ಒಂದು ಸಣ್ಣ ಕನ್ನಡಿ. ಕನ್ನಡಿ ತೆಗೆದರೆ ಗೂಡು, ಕನ್ನಡಿ ಹಾಕಿದರೆ ಬರೀ ಗೋಡೆ. ದಿನ ಬಿಟ್ಟು ದಿನ ಬೆಳಗ್ಗೆ ಕಟ್ಟೆಯ ಮೇಲೆ ಬಿಸಿಲಿಗೆ ಮುಖ ಮಾಡಿ ಕೂತು ಗಡ್ಡ ಹೆರೆದುಕೊಂಡು, ಸೈಕಲ್ ಏರಿ ಡ್ಯೂಟಿಗೆ ಹೋಗುತ್ತಿದ್ದರಂತೆ. ಅವರು ಪೋಸ್ಟ್‌ಮನ್ ಆಗಿದ್ದವರು.

ಪೇಟೆಯ ಮನೆಯ ಗೋಡೆ ತೆಳ್ಳಗೆ. ಹೊರಗಿನದು 9 ಇಂಚು, ಒಳಗಿನ ಅಡ್ಡಗೋಡೆ ಬರೀ ನಾಲ್ಕೂವರೆ ಇಂಚು. ಗೂಡು ಎನ್ನುವ ಮಾತೇ ಇಲ್ಲ. ಎಲ್ಲ ಸಾಮಾನೂ ಗೋಡೆಯ ಹೊರಗೆ ಬಂತು. ಪ್ಲಾಸ್ಟಿಕ್ ಸ್ಟ್ಯಾಂಡ್, ಮೂಲೆಯ ಗಾಜಿನ ಹಲಗೆ, ಕಿಟಕಿಯ ಕಟ್ಟೆ. ಎಲ್ಲವೂ ಎಲ್ಲರ ಕಣ್ಣಿಗೆ.

ಕನ್ನಡಿಯ ಹಿಂದೆ ಗೂಡು ಮಾಡಿಸಬೇಕು ಅಂತ ನನಗೆ ಬಂದದ್ದು ಹೀಗೆ. ಅಂಗಡಿಯಲ್ಲಿ ಸಿಗುವ ಕನ್ನಡಿ ಕಪಾಟು ತಂದು ಹಾಕಿದರೆ ಮುಗಿಯಿತಲ್ಲ ಎಂದು ನಮ್ಮ ಮನೆಯವರು ಹೇಳಿದರು. ನಾನೂ ಹಾಗೇ ಅಂದುಕೊಂಡು ಎರಡು ಅಂಗಡಿ ತಿರುಗಿದೆ. ಎಲ್ಲ ಕಪಾಟಿನ ಕನ್ನಡಿಯೂ ಕದದ ಹಾಗೆ ಮುಂದಕ್ಕೆ ತೆರೆಯುವಂಥದ್ದು. ತೆರೆಯಬೇಕಾದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಮಾವ ಕುರ್ಚಿಯಲ್ಲಿ ಕೂತು ಮುಖ ತೊಳೆಯುವವರು. ಕದ ಅವರ ಹಣೆಗೇ ಬರುತ್ತದೆ. ಕಪಾಟು ಗೋಡೆಯಿಂದ ಐದಾರು ಇಂಚು ಮುಂದಕ್ಕೂ ಬಂದಿರುತ್ತದೆ, ಬೇಸಿನ್ ಮೇಲೆ ಬಗ್ಗಿದರೆ ತಲೆಗೆ ತಾಗುತ್ತದೆ. ನಮ್ಮದು 5 ಅಡಿಗೆ 7 ಅಡಿಯ ಬಚ್ಚಲು. ಅದರಲ್ಲಿ ಕುರ್ಚಿಯೂ ಇರಬೇಕು, ಹಿಂದೆ ಸರಿಯಲು ಎಲ್ಲಿದೆ ಜಾಗ?

ಹಾಗಾಗಿ ಕನ್ನಡಿ ಪಕ್ಕಕ್ಕೆ ಸರಿಯಬೇಕು, ಗೂಡು ಗೋಡೆಯೊಳಗೆ ಇರಬೇಕು. ಇಷ್ಟು ನಿಶ್ಚಯವಾಯಿತು. ಉಳಿದದ್ದಕ್ಕೆ ನಾಲ್ಕು ತಿಂಗಳು ಹಿಡಿಯಿತು.

ಮೊದಲು ಒಂದು ಭಾನುವಾರ ನಾನೇ ಒಂದು ಪರೀಕ್ಷೆ ಮಾಡಿಕೊಂಡೆ. ಎಡಗೈಯನ್ನು ಓಢಣಿಯಿಂದ ಸೊಂಟಕ್ಕೆ ಕಟ್ಟಿಕೊಂಡೆ. ಮಾವ ಕೂರುವ ಕುರ್ಚಿಯಲ್ಲೇ ಕೂತು, ಬೆಳಗಿನಿಂದ ರಾತ್ರಿಯವರೆಗೆ ಬಚ್ಚಲಿನ ಎಲ್ಲ ಕೆಲಸವನ್ನೂ ಒಂದೇ ಕೈಯಲ್ಲಿ ಮಾಡಿದೆ. ಪೇಸ್ಟಿನ ಮುಚ್ಚಳ ತಿರುವಲು ಆಗಲಿಲ್ಲ, ಹಲ್ಲಿನಲ್ಲಿ ಕಚ್ಚಬೇಕಾಯಿತು. ಬಾಟಲಿ ಒತ್ತಿದರೆ ಜಾರಿ ಹೋಗುತ್ತಿತ್ತು. ಬೇಸಿನ್ನಿನ ಕೆಳಗಿದ್ದ ಕಂಬಕ್ಕೆ ಮೊಣಕಾಲು ತಾಗಿ ಹತ್ತಿರ ಹೋಗಲಿಕ್ಕೇ ಆಗಲಿಲ್ಲ. ಇದನ್ನೆಲ್ಲ ಮಾವ ಒಂದು ವರ್ಷದಿಂದ ದಿನವೂ ಮಾಡುತ್ತಿದ್ದರು. ಒಮ್ಮೆಯೂ ಹೇಳಿರಲಿಲ್ಲ.

ಮಧ್ಯಾಹ್ನ ಗೋಡೆಯ ಮೇಲೆ ಒಂದು ಹಳೆ ರಟ್ಟು ಹಿಡಿಸಿ ಅದನ್ನೇ ಕನ್ನಡಿ ಅಂತ ಸರಿಸಿ ನೋಡಿದೆ. ಆಗ ಒಂದು ಸಂಗತಿ ಗೊತ್ತಾಯಿತು. ಬಲಗೈಯಿಂದ ಎಡಕ್ಕೆ ತಳ್ಳಿದರೆ ಮೈಯೆಲ್ಲ ಎಡಕ್ಕೆ ವಾಲುತ್ತದೆ. ನನಗೆ ಎಡಗಡೆ ಬಲವಿದೆ, ತಡೆದುಕೊಂಡೆ. ಮಾವನಿಗೆ ಅದು ಬಲವಿಲ್ಲದ ಕಡೆ. ಹಾಗೇ ಉರುಳಿಬಿಡಬಹುದು. ಎಡದಿಂದ ಬಲಕ್ಕೆ ಎಳೆದರೆ ಹಾಗಲ್ಲ. ಕೈ ಎಡಭುಜದ ಮುಂದೆ ಶುರುವಾಗಿ ಬಲಭುಜದ ಮುಂದೆ ಬಂದು ನಿಲ್ಲುತ್ತದೆ. ಮೈಯ ಭಾರ ಗಟ್ಟಿ ಇರುವ ಕಡೆಗೇ ಬರುತ್ತದೆ. ಆದ್ದರಿಂದ ಹಿಡಿ ಕನ್ನಡಿಯ ಎಡ ಅಂಚಿನಲ್ಲಿ, ಕೆಳಗಡೆ. ಕನ್ನಡಿ ಸರಿಯುವುದು ಬಲಕ್ಕೆ. ಕಾಗದದ ಮೇಲೆ ಎಷ್ಟು ಗೆರೆ ಎಳೆದಿದ್ದರೂ ನನಗೆ ಇದು ಗೊತ್ತಾಗುತ್ತಿರಲಿಲ್ಲ.

ಸರಿಯುವ ಕನ್ನಡಿಗೆ ಒಂದು ಖರ್ಚಿದೆ. ಕನ್ನಡಿ ಎಷ್ಟು ಅಗಲವೋ ಅಷ್ಟೇ ಖಾಲಿ ಗೋಡೆ ಅದರ ಪಕ್ಕದಲ್ಲಿ ಬೇಕು. ನಮ್ಮ ಗೋಡೆ 5 ಅಡಿ. 2 ಅಡಿ ಕನ್ನಡಿ, ಅದು ಸರಿಯಲು ಇನ್ನೊಂದು 2 ಅಡಿ. ಆ ಜಾಗದಲ್ಲಿ ಗೀಸರಿನ ಸ್ವಿಚ್ಚಿತ್ತು, ಟವೆಲ್ ರಾಡಿತ್ತು. ಸ್ವಿಚ್ಚನ್ನು ಬಾಗಿಲ ಹೊರಗೆ ಹಾಕಿಸಿದೆವು. ಅದು ಹೇಗೂ ಹೊರಗೇ ಇರಬೇಕಾದದ್ದು, ನೀರು ಚಿಮ್ಮುವ ಕಡೆ ಇರಲೇಬಾರದಿತ್ತು. ರಾಡು ಬಾಗಿಲ ಹಿಂದಕ್ಕೆ ಹೋಯಿತು.

ಎತ್ತರದ ಲೆಕ್ಕ ನನಗೆ ತುಂಬ ಖುಷಿ ಕೊಟ್ಟಿತು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಸಮತಲ ಕನ್ನಡಿಯ ಪಾಠದಲ್ಲಿ ಮಕ್ಕಳು ಪ್ರತಿ ವರ್ಷ ನಂಬದ ಒಂದು ಮಾತಿದೆ. ಕನ್ನಡಿಯಿಂದ ಎಷ್ಟು ದೂರ ಹೋದರೂ ನಿಮಗೆ ನಿಮ್ಮ ಮೈ ಅಷ್ಟೇ ಕಾಣುತ್ತದೆ, ಜಾಸ್ತಿ ಕಾಣುವುದಿಲ್ಲ. ಹಿಂದೆ ಸರಿದರೆ ಕಾಲೂ ಕಾಣುತ್ತದೆ ಅಂತ ಎಲ್ಲರೂ ಅಂದುಕೊಂಡಿರುತ್ತಾರೆ. ಕಾಣುವುದಿಲ್ಲ. ಕಣ್ಣಿಗೂ ನೀವು ನೋಡಬೇಕಾದ ಜಾಗಕ್ಕೂ ನಡುಮಧ್ಯದವರೆಗೆ ಕನ್ನಡಿ ಇದ್ದರೆ ಸಾಕು, ಆ ಜಾಗ ಕಾಣುತ್ತದೆ. ಪೂರ್ತಿ ಮೈ ಕಾಣಲು ಅದಕ್ಕೇ ಮೈಯ ಅರ್ಧದಷ್ಟು ಎತ್ತರದ ಕನ್ನಡಿ ಸಾಕು.

ಈ ಲೆಕ್ಕವನ್ನೇ ಗೋಡೆಯ ಮೇಲೆ ಪೆನ್ಸಿಲಿನಿಂದ ಬರೆದೆ. ಮಾವ ಕುರ್ಚಿಯಲ್ಲಿ ಕೂತರೆ ಕಣ್ಣು ನೆಲದಿಂದ 3 ಅಡಿ 9 ಇಂಚು. ಗಡ್ಡ ಮಾಡಿಕೊಳ್ಳಲು ಕುತ್ತಿಗೆಯ ಬುಡದವರೆಗೆ ಕಾಣಬೇಕು, ಅಂದರೆ ಕಣ್ಣಿನಿಂದ 1 ಅಡಿ ಕೆಳಗೆ. ಅದರ ಅರ್ಧ 6 ಇಂಚು. ಕನ್ನಡಿಯ ಕೆಳ ಅಂಚು 3 ಅಡಿ 3 ಇಂಚಿಗೆ ಬರಬೇಕು. ಮೇಲಿನ ಅಂಚಿಗೆ ನಮ್ಮ ಮನೆಯವರನ್ನು ನಿಲ್ಲಿಸಿದೆ. ನಮ್ಮಲ್ಲಿ ಅವರೇ ಎತ್ತರ, 5 ಅಡಿ 9 ಇಂಚು. ತಲೆ ಬಾಚಲು ನೆತ್ತಿ ಕಾಣಬೇಕು. ಕಣ್ಣಿಗೂ ನೆತ್ತಿಗೂ ನಡುವೆ ಅಂದರೆ ಸುಮಾರು 5 ಅಡಿ 7 ಇಂಚು. ಆಚೀಚೆ ಒಂದೊಂದು ಇಂಚು ಸೇರಿಸಿದರೆ ಎರಡೂವರೆ ಅಡಿ ಎತ್ತರದ ಕನ್ನಡಿ. ಅದರಲ್ಲಿ ಕೂತ ಮಾವನೂ ಕಾಣುತ್ತಾರೆ, ನಿಂತ ಮಗನೂ ಕಾಣುತ್ತಾರೆ. ಅಂಗಡಿಯಲ್ಲಿ ಕೊಂಡ ಕನ್ನಡಿಗಳನ್ನು ಎಲ್ಲರೂ ನಿಂತವರ ಮುಖಕ್ಕೆ ಹೊಂದಿಸಿ ಹೊಡೆಯುತ್ತಾರೆ. ಒಂದು ವರ್ಷದಿಂದ ಮಾವನಿಗೆ ನಮ್ಮ ಬಚ್ಚಲಿನ ಕನ್ನಡಿಯಲ್ಲಿ ಹಣೆಯ ಮೇಲಿನ ಕೂದಲು ಮಾತ್ರ ಕಾಣುತ್ತಿತ್ತು. ವಾರಕ್ಕೊಮ್ಮೆ ಕ್ಷೌರದವರು ಮನೆಗೆ ಬಂದು ಗಡ್ಡ ಮಾಡಿ ಹೋಗುತ್ತಿದ್ದರು.

ಮೇ ತಿಂಗಳ ರಜೆಯಲ್ಲಿ ಕೆಲಸ ಶುರುವಾಯಿತು. ಬಿಸಿಲು 40 ಡಿಗ್ರಿ ದಾಟಿತ್ತು. ಗೌಂಡಿ ಗೋಡೆ ತಟ್ಟಿ ನೋಡಿ, "ಮೇಡಂ, ಇದು ಹೊರಗಿನ ಗ್ವಾಡಿ, ಒಂಬತ್ತು ಇಂಚು ಐತಿ, ಅರ್ಧ ಕಡಿಬಹುದು. ಆದ್ರ ಸುತ್ತಿಗಿ ಹಚ್ಚೂದು ಬ್ಯಾಡ" ಎಂದರು. ಸುತ್ತಿಗೆಯಿಂದ ಹೊಡೆದರೆ ಇಡೀ ಗೋಡೆ ಅಲುಗಿ ಟೈಲ್ಸ್ ಬಿಡುತ್ತದೆ. ಕಟಿಂಗ್ ಮಷಿನ್‌ನಿಂದ ನಾಲ್ಕೂ ಕಡೆ ಗೆರೆ ಹಾಕಿ, ಇಟ್ಟಿಗೆಯನ್ನು ಒಂದೊಂದಾಗಿ ಬಿಡಿಸಿದರು. ಮೇಲಿನ ಇಟ್ಟಿಗೆಗಳು ಕುಸಿಯದಂತೆ ಮೊದಲೇ ಒಂದು ಕಡಪಾ ಕಲ್ಲಿನ ಪಟ್ಟಿ ಕೂರಿಸಿದರು. ನೀರಿನ ಪೈಪು ಎಲ್ಲಿ ಹೋಗಿದೆ ಅಂತ ಮನೆ ಕಟ್ಟಿಸುವಾಗ ತೆಗೆದ ಒಂದು ಫೋಟೊ ಸಿಕ್ಕಿದ್ದು ನಮ್ಮ ಪುಣ್ಯ. ಮನೆ ಕಟ್ಟಿಸುವವರು ದಯವಿಟ್ಟು ಟೈಲ್ಸ್ ಹಾಕುವ ಮುಂಚೆ ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಳ್ಳಿ.

ವಾಟರ್‌ಪ್ರೂಫ್ ಬಳಿದು, ಟೈಲ್ಸ್ ಹಚ್ಚಿದ ಮೇಲೆ ಒಳಗೆ ಉಳಿದ ಆಳ ನಾಲ್ಕಿಂಚಿಗೂ ಸ್ವಲ್ಪ ಕಡಿಮೆ. ಸಾಕು. ಬಚ್ಚಲಿನ ಸಾಮಾನು ಬಹುಪಾಲು ಮೂರಿಂಚಿನೊಳಗೇ ಇರುತ್ತದೆ. ಆಳ ಜಾಸ್ತಿ ಇದ್ದರೆ ಒಂದರ ಹಿಂದೆ ಒಂದು ಇಡುತ್ತೇವೆ, ಹಿಂದಿನದು ಮರೆತೇ ಹೋಗುತ್ತದೆ. ಡೈಪರಿನ ಇಡೀ ಪ್ಯಾಕೆಟ್ ಇದರಲ್ಲಿ ಹಿಡಿಯುವುದಿಲ್ಲ. ದಿನಕ್ಕೆ ಬೇಕಾದ ಮೂರು ಮಡಚಿ ನಿಲ್ಲಿಸಿದರೆ ಹಿಡಿಯುತ್ತವೆ. ಪ್ಯಾಕೆಟ್ ಮಾವನ ಕೋಣೆಯ ಟ್ರಂಕಿನಲ್ಲಿರುತ್ತದೆ.

ಹಲಗೆಗಳು ಗ್ರಾನೈಟಿನವು. ನಮ್ಮ ಜಿಲ್ಲೆಯ ಕುಷ್ಟಗಿ ಕಡೆ ಕೆಂಪು ಗ್ರಾನೈಟಿನ ಕ್ವಾರಿಗಳಿವೆ. ಕಲ್ಲು ಕೊಯ್ಯುವಲ್ಲಿ ಉಳಿದ ತುಂಡುಗಳನ್ನು ತಂದು ಅಳತೆಗೆ ಕೊಯ್ಸಿದೆವು. ಮರ ಬೇಡವೆಂದದ್ದು ನಾನೇ. ಪ್ಲೈವುಡ್ ಎಷ್ಟೇ ಒಳ್ಳೆಯದಿದ್ದರೂ ಕೊಯ್ದ ಅಂಚಿನಿಂದ ನೀರು ಕುಡಿದು ಉಬ್ಬುತ್ತದೆ. ಪ್ರತಿ ಹಲಗೆಯೂ ಮುಂದಕ್ಕೆ ಒಂದು ಸೂತಿನಷ್ಟು, ಅಂದರೆ ಇಂಚಿನ ಎಂಟನೆಯ ಒಂದು ಪಾಲಿನಷ್ಟು ಇಳಿಜಾರಿದೆ. ಒದ್ದೆ ಬ್ರಷ್ಷಿನ ನೀರು ಒಳಗೆ ನಿಲ್ಲದೆ ಕೆಳಗೆ ಬೇಸಿನ್ನಿಗೆ ಇಳಿದುಹೋಗುತ್ತದೆ.

ಇನ್ನು ಕನ್ನಡಿ. ಇಲ್ಲಿ ಎರಡು ತಪ್ಪಾದವು. ಎರಡನ್ನೂ ಬಿಡಿಸಿ ಹೇಳುತ್ತೇನೆ, ಬೇರೆ ಯಾರಿಗಾದರೂ ಉಪಯೋಗವಾಗಲಿ.

ಮೊದಲನೆಯದು ಚಾನಲ್. ಕಿಟಕಿಗೆ ಹಾಕುವ ಹಾಗೆ ಕೆಳಗೊಂದು ಮೇಲೊಂದು ಚಾನಲ್ ಹಾಕಿ, ಕೆಳಗಿನದರಲ್ಲಿ ಗಾಲಿ ಓಡುವಂತೆ ಮಾಡಿಸಿದ್ದೆವು. ಮೂರು ವಾರಕ್ಕೇ ಬಿಗಿಯಾಯಿತು. ಬೇಸಿನ್ ಮೇಲಿನ ಚಾನಲ್ ಅಂದರೆ ಸೋಪಿನ ನೊರೆ, ಪೇಸ್ಟು, ಕೂದಲು ಎಲ್ಲ ಅದರಲ್ಲೇ ಬೀಳುತ್ತದೆ. ನಮ್ಮ ಬೋರಿನ ನೀರು ಗಡಸು. ನೀರು ಆರಿದ ಕಡೆಯೆಲ್ಲ ಬಿಳಿ ಸುಣ್ಣ ಕಟ್ಟುತ್ತದೆ. ಜೊತೆಗೆ ಊರಿನ ಧೂಳು. ಕಾರ್ಖಾನೆಗಳಿರುವ ಗಿಣಿಗೇರಿ ಕಡೆಯಿಂದ ಗಾಳಿ ಬೀಸಿದ ದಿನ ಮಾಳಿಗೆಯ ಮೇಲೆ ಕಾಲಿಟ್ಟರೆ ಪಾದ ಕಪ್ಪಗಾಗುತ್ತದೆ, ಇಲ್ಲಿಯವರಿಗೆಲ್ಲ ಗೊತ್ತಿರುವುದೇ. ಇವೆಲ್ಲ ಸೇರಿ ಚಾನಲಿನಲ್ಲಿ ಸಿಮೆಂಟಿನ ಹಾಗೆ ಕೂತುಬಿಟ್ಟವು. ಒಂದು ದಿನ ಮಾವ ಎಳೆದರೆ ಬರಲಿಲ್ಲ. ಜೋರಾಗಿ ಎಳೆದರು, ಕುರ್ಚಿಯೇ ಜರುಗಿತು. ಅವತ್ತೇ ಬಡಿಗೇರರನ್ನು ಕರೆಸಿದೆ.

ಅವರು ಬಂದು ನೋಡಿ, ಹತ್ತು ನಿಮಿಷ ಸುಮ್ಮನೆ ಕೂತರು. "ಅಕ್ಕಾರ, ಗಾಲಿ ಮ್ಯಾಲ ಇರಬೇಕ್ರಿ. ಕನ್ನಡಿ ಜೋತು ಬೀಳಬೇಕು. ತಳದಾಗ ಏನೂ ಬ್ಯಾಡ್ರಿ" ಎಂದರು. ವಾರ್ಡ್‌ರೋಬಿಗೆ ಹಾಕುವ, ಮೇಲಿನಿಂದ ತೂಗುವ ಚಾನಲ್ ತಂದರು. ನೈಲಾನ್ ಗಾಲಿ, ಒಳಗೆ ಬೇರಿಂಗು. ಸ್ಕ್ರೂ ಎಲ್ಲ ಸ್ಟೇನ್‌ಲೆಸ್ ಸ್ಟೀಲು. ಕೆಳಗೆ ಕನ್ನಡಿ ಆಚೀಚೆ ತೂಗದಂತೆ ಒಂದು ಬೆರಳುದ್ದದ ಪ್ಲಾಸ್ಟಿಕ್ ಗೈಡ್ ಮಾತ್ರ. ಅದರಲ್ಲಿ ನೀರು ನಿಲ್ಲಲು ಜಾಗವೇ ಇಲ್ಲ. ಇನ್ನೊಂದು ಕೆಲಸವನ್ನು ಅವರಾಗಿಯೇ ಮಾಡಿದರು. ಕನ್ನಡಿಯನ್ನು ಯಾರಾದರೂ ಮೇಲಕ್ಕೆ ಎತ್ತಿದರೆ ಗಾಲಿ ಚಾನಲಿನಿಂದ ಹಾರಬಹುದು. ಹಾರದಂತೆ ಗಾಲಿಯ ಮೇಲ್ಗಡೆ ಒಂದು ತಡೆ ಕೂರಿಸಿದರು. ಮಕ್ಕಳಿರುವ, ವಯಸ್ಸಾದವರಿರುವ ಮನೆಯಲ್ಲಿ ಈ ತಡೆ ಇಲ್ಲದ ಕನ್ನಡಿಯನ್ನು ನಾನು ಹಾಕಿಸಲಾರೆ.

ತೂಕದ ಲೆಕ್ಕ ಹೀಗಿದೆ. ಗಾಜು ಒಂದು ಚದರ ಮೀಟರಿಗೆ, ಒಂದು ಮಿಲಿಮೀಟರ್ ದಪ್ಪಕ್ಕೆ ಎರಡೂವರೆ ಕಿಲೊ ತೂಗುತ್ತದೆ. ನಮ್ಮದು 2 ಅಡಿಗೆ ಎರಡೂವರೆ ಅಡಿ, 5 ಮಿಲಿಮೀಟರ್ ದಪ್ಪ. ಗಾಜೇ ಸುಮಾರು 6 ಕಿಲೊ. ಹಿಂದೆ ಪ್ಲೈವುಡ್ ಬದಲು ಅಂಗಡಿ ಬೋರ್ಡಿಗೆ ಬಳಸುವ ಎಸಿಪಿ ಶೀಟು, ಸುತ್ತ ಅಲ್ಯೂಮಿನಿಯಂ ಚೌಕಟ್ಟು. ಎಲ್ಲ ಸೇರಿ 9 ಕಿಲೊ ಆಸುಪಾಸು. ಗಾಲಿ ಚೆನ್ನಾಗಿದ್ದರೆ 9 ಕಿಲೊ ಏನೂ ಅಲ್ಲ. ಕಿರುಬೆರಳಿನಿಂದ ತಳ್ಳಿ ನೋಡಿದೆ, ಸರಿಯಿತು. ಕಿರುಬೆರಳಿಗೆ ಸರಿಯದಿದ್ದರೆ ಒಪ್ಪಿಕೊಳ್ಳುವುದಿಲ್ಲ ಅಂತ ಮೊದಲೇ ಹೇಳಿದ್ದೆ.

ಎರಡನೆಯ ತಪ್ಪಿನಲ್ಲಿ ನನ್ನ ಪಾಲೂ ಇದೆ. ಕನ್ನಡಿಯನ್ನು ಶೀಟಿಗೆ ಅಂಟಿಸುವಾಗ ಬಚ್ಚಲಿನ ತುಂಬ ವಿನೆಗರ್ ವಾಸನೆ. ವಿನೆಗರ್ ವಾಸನೆ ಅಂದರೆ ಅಸೆಟಿಕ್ ಆಮ್ಲ. ನಮ್ಮಲ್ಲಿ ಎಲ್ಲ ಕಡೆ ಸಿಗುವ ಸಾದಾ ಸಿಲಿಕಾನ್ ಗಟ್ಟಿಯಾಗುವಾಗ ಆ ಆಮ್ಲವನ್ನು ಬಿಡುತ್ತದೆ. ಕನ್ನಡಿಯ ಹಿಂದೆ ಇರುವುದು ಬೆಳ್ಳಿಯ ತೆಳು ಪದರ. 1835ರಲ್ಲಿ ಜರ್ಮನಿಯ ಲೀಬಿಗ್ ಗಾಜಿನ ಮೇಲೆ ಬೆಳ್ಳಿ ಹಿಡಿಸುವ ದಾರಿ ಕಂಡುಹಿಡಿದಾಗಿನಿಂದ ನಾವು ಮುಖ ನೋಡಿಕೊಳ್ಳುತ್ತಿರುವುದು ಆ ಬೆಳ್ಳಿಯಲ್ಲಿ, ಗಾಜು ಅದನ್ನು ಕಾಯುವ ಹೊದಿಕೆ ಅಷ್ಟೆ. ಬೆಳ್ಳಿಯ ಹಿಂದೆ ಬಣ್ಣ ಬಳಿದಿರುತ್ತಾರೆ. ಆಮ್ಲ ಬಣ್ಣದೊಳಗೆ ಇಳಿದರೆ ಬೆಳ್ಳಿ ಹಾಳು. ಇಷ್ಟೆಲ್ಲ ತರಗತಿಯಲ್ಲಿ ಹೇಳುವವಳು ನಾನು. ವಾಸನೆ ಮೂಗಿಗೆ ಬಂದಾಗಲೇ ನಿಲ್ಲಿಸಿ ಅನ್ನಬೇಕಿತ್ತು. ಅನ್ನಲಿಲ್ಲ. ನಾಲ್ಕು ತಿಂಗಳಿಗೆ ಸಿಲಿಕಾನ್ ಚುಕ್ಕೆ ಇಟ್ಟ ಕಡೆಯೆಲ್ಲ ಕನ್ನಡಿಯಲ್ಲಿ ಕಪ್ಪು ಕಲೆ ಎದ್ದವು. ಒಂದು ಸರಿಯಾಗಿ ಮಾವನ ಗಲ್ಲದ ಹತ್ತಿರ ಬರುತ್ತಿತ್ತು. ಗಡ್ಡ ಉಳಿದಿದೆ ಎಂದುಕೊಂಡು ಅವರು ಅಲ್ಲೇ ಮತ್ತೆ ಮತ್ತೆ ರೇಜರ್ ಎಳೆದು ಗಾಯ ಮಾಡಿಕೊಂಡರು.

ಹೊಸ ಕನ್ನಡಿಗೆ ನ್ಯೂಟ್ರಲ್ ಸಿಲಿಕಾನ್ ಕೇಳಿ ತರಿಸಿದೆ. ಟ್ಯೂಬಿನ ಮೇಲೆ ಹಾಗೇ ಬರೆದಿರುತ್ತದೆ, ವಾಸನೆ ಅಷ್ಟು ಬರುವುದಿಲ್ಲ, ಬೆಲೆ ಸ್ವಲ್ಪ ಜಾಸ್ತಿ. ಬರೀ ಅಂಟಿನ ಮೇಲೆ ಭಾರ ಬಿಡದೆ, ಗಾಜಿನ ಕೆಳ ಅಂಚು ಚೌಕಟ್ಟಿನ ತೋಡಿನಲ್ಲಿ ಕೂರುವಂತೆ ಮಾಡಿಸಿದೆವು. ಬೆಳ್ಳಿ ಹಿಡಿಸಿದ ಮೇಲೆ ಗಾಜನ್ನು ಕಾಯಿಸಿ ಗಟ್ಟಿ (ಟಫನ್) ಮಾಡಲು ಬರುವುದಿಲ್ಲ. ಆದ್ದರಿಂದ ಹಿಂದೆ ಸೇಫ್ಟಿ ಫಿಲ್ಮ್ ಹಚ್ಚಿಸಿದೆ. ಒಡೆದರೂ ಚೂರು ಉದುರದೆ ಫಿಲ್ಮಿಗೇ ಅಂಟಿಕೊಂಡಿರುತ್ತದೆ. ಬರಿಗಾಲಲ್ಲಿ ಹೋಗುವ ಜಾಗ ಅದು, ಅಲ್ವಾ.

ಒರೆಸುವ ವಿಷಯವೂ ಇಷ್ಟೇ ಮುಖ್ಯ. ಬಿಳಿ ಕಲೆಗೆ ನಿಂಬೆರಸ ಹಚ್ಚುವುದು ನಮ್ಮಲ್ಲಿ ರೂಢಿ. ಹಚ್ಚಬಹುದು, ಆದರೆ ಬಟ್ಟೆಗೆ ಹಾಕಿಕೊಂಡು ಕನ್ನಡಿಯ ನಡುವೆ ಮಾತ್ರ, ಕೂಡಲೇ ಬರೀ ನೀರಿನ ಬಟ್ಟೆಯಿಂದ ಒರೆಸಬೇಕು. ಕನ್ನಡಿಗೆ ನೇರವಾಗಿ ಸಿಂಪಡಿಸಿದರೆ ಅಂಚಿನಿಂದ ಹಿಂದಕ್ಕೆ ಇಳಿಯುತ್ತದೆ. ಹಳೆ ಕನ್ನಡಿಗಳೆಲ್ಲ ಅಂಚಿನಿಂದಲೇ ಕಪ್ಪಾಗುವುದು ಅದಕ್ಕೆ.

ಕನ್ನಡಿಗೂ ಗೋಡೆಗೂ ನಡುವೆ ಅರ್ಧ ಇಂಚು ಸಂದು ಬಿಟ್ಟಿದ್ದೇವೆ. ಗಾಳಿಯಾಡದಿದ್ದರೆ ಒಳಗೆಲ್ಲ ಬೂಸು. ಆದರೆ ಸಂದು ಬಿಟ್ಟರೆ ಹಲ್ಲಿ, ಜಿರಳೆ ಸೇರಿಕೊಳ್ಳುತ್ತವೆ. ಕಿಟಕಿಗಳಿಗೆ ಹಚ್ಚುವ ಬ್ರಷ್ ಪಟ್ಟಿಯನ್ನು ಎರಡೂ ಪಕ್ಕಕ್ಕೆ ಅಂಟಿಸಿದ ಮೇಲೆ ಅದೂ ಸರಿಹೋಯಿತು. ಟ್ಯೂಬ್‌ಲೈಟನ್ನು ಕನ್ನಡಿಯ ನೆತ್ತಿಯಿಂದ ತುಸು ಮುಂದಕ್ಕೆ, ಸೂರಿನ ಕಡೆಗೆ ಜರುಗಿಸಿದೆವು. ಬೆಳಕು ಬೀಳಬೇಕಾದದ್ದು ಮುಖದ ಮೇಲೆ.

ಮಾತ್ರೆಗಳನ್ನು ಮಾತ್ರ ಇಲ್ಲಿ ಇಟ್ಟಿಲ್ಲ. ಮೊದಲ ಯೋಚನೆಯಲ್ಲಿ ಮಾವನ ಬಿಪಿ ಮಾತ್ರೆಗೆ ಒಂದು ಮೂಲೆ ಇತ್ತು. ಮಾತ್ರೆಯ ಪಟ್ಟಿಯ ಮೇಲೆ ತಂಪಾದ, ಒಣಗಿದ ಜಾಗದಲ್ಲಿ ಇಡಿ ಅಂತ ಬರೆದಿರುತ್ತದೆ. ದಿನಾ ಬಿಸಿನೀರಿನ ಹಬೆ ತುಂಬುವ ಬಚ್ಚಲು ಅದಕ್ಕೆ ಸರಿಯಾದ ಜಾಗವಲ್ಲ. ಮಾತ್ರೆಗಳು ಅವರ ಹಾಸಿಗೆಯ ಪಕ್ಕ ಬಟ್ಟೆಯ ಚೀಲದಲ್ಲಿವೆ. ಕನ್ನಡಿಯ ಹಿಂದೆ ಔಷಧಿ ಇಡುವ ರೂಢಿ ಇರುವವರು ಒಮ್ಮೆ ಯೋಚಿಸಿ.

ಗೂಡಿನಲ್ಲಿ ನಾಲ್ಕು ಅಂಕಣ, ಒಬ್ಬೊಬ್ಬರಿಗೆ ಒಂದೊಂದು. ಇದನ್ನು ನಾನು ಮಾವನಿಗೆ ಹೇಳುವಾಗ ಅಳುಕಿದ್ದೆ. ಸೊಸೆ ಮಾವನಿಗೆ ಹೇಳುವ ಮಾತಲ್ಲ, ನಮ್ಮ ಮನೆಯಲ್ಲಿ ಹಾಗೆಲ್ಲ ಮಾತಾಡಿದವರೂ ಅಲ್ಲ. "ಮಾವಾರ, ಕೆಳಗಿನ ಅಂಕಣ ನಿಮ್ಮದು. ಅದಕ್ಕೆ ಯಾರೂ ಕೈ ಹಾಕೂದಿಲ್ಲ" ಅಂದೆ. ಅವರು ಗೂಡನ್ನು ಸ್ವಲ್ಪ ಹೊತ್ತು ನೋಡಿದರು.

"ಆಫೀಸಿನ್ಯಾಗ ಟಪಾಲು ವಿಂಗಡಿಸೋ ಗೂಡು ಹಿಂಗ ಇರ್ತಿದ್ವವ್ವಾ," ಎಂದರು. "ಒಂದೊಂದು ಬೀದಿಗೆ ಒಂದೊಂದು ಮನಿ." ಆಮೇಲೆ ತಮ್ಮಷ್ಟಕ್ಕೆ ಎಂಬಂತೆ, "ಪೋಸ್ಟ್ ಕಾರ್ಡು ಬಿಚ್ಚೇ ಇರ್ತದ. ಆದ್ರೂ ನಾವು ಓದಬಾರದು" ಎಂದರು.

ಮೇಲಿನದು ನನ್ನದು, ಅದರ ಕೆಳಗಿನದು ನಮ್ಮ ಮನೆಯವರದು, ಮೂರನೆಯದು ಮಗಳದು, ಕೆಳಗಿನದು ಮಾವನದು. ಕೂತಲ್ಲಿಂದಲೇ ಕೈಗೆಟುಕಬೇಕು ಅಂತ ಅದನ್ನು ಅವರಿಗೆ ಬಿಟ್ಟದ್ದು. ಅಲ್ಲಿ ಜಾರದಂತೆ ರಬ್ಬರ್ ಹಾಸಿದೆ. ತಿರುವುವ ಮುಚ್ಚಳದ ಪೇಸ್ಟು ಹೋಗಿ, ಹೆಬ್ಬೆರಳಲ್ಲಿ ಎತ್ತುವ ಮುಚ್ಚಳದ್ದು ಬಂತು. ಹಳ್ಳಿಯ ಮನೆಯಿಂದ ಹಿತ್ತಾಳೆ ಬಟ್ಟಲು ತರಿಸಿದೆವು. ಅದು ಭಾರ, ಒಂದೇ ಕೈಯಲ್ಲಿ ಬ್ರಷ್ ತಿರುವಿದರೂ ಜರುಗುವುದಿಲ್ಲ. ಬೇಸಿನ್ನಿನ ಕಂಬ ತೆಗೆಸಿ, ಬೇಸಿನ್ನನ್ನು ಗೋಡೆಗೇ ಕೂರಿಸಿದ್ದರಿಂದ ಕುರ್ಚಿ ಮುಂದಕ್ಕೆ ಹೋಗುತ್ತದೆ.

ಬಳಕೆಗೆ ಬಂದ ಮೇಲೆ ತಿಳಿದದ್ದು ಇನ್ನೊಂದಿದೆ. ಮಾವ ಕನ್ನಡಿಯನ್ನು ಎಂದೂ ಪೂರ್ತಿ ತೆಗೆಯುವುದಿಲ್ಲ. ಅರ್ಧ ಸರಿಸಿ ನಿಲ್ಲಿಸುತ್ತಾರೆ. ಅರ್ಧ ಗೂಡು ಕಾಣಬೇಕು, ಅರ್ಧ ಮುಖವೂ ಕಾಣುತ್ತಿರಬೇಕು. ಪೂರ್ತಿ ಸರಿಸಿದರೆ ಮುಖ ಎದುರಿನಿಂದ ಹೋಗಿಬಿಡುತ್ತದೆ. ನಾನು ಅವರ ಸಾಮಾನನ್ನು ಅಂಕಣದ ಉದ್ದಕ್ಕೂ ಹರಡಿ ಇಟ್ಟಿದ್ದೆ. ಒಂದು ವಾರದಲ್ಲಿ ಅವರೇ ಎಲ್ಲವನ್ನೂ ಎಡಗಡೆಯ ಅರ್ಧಕ್ಕೆ ತಂದುಕೊಂಡಿದ್ದರು. ಡೈಪರುಗಳು ಮಾತ್ರ ಬಲಗಡೆಯ ಕೊನೆಯಲ್ಲಿ, ಪೂರ್ತಿ ಸರಿಸಿದರಷ್ಟೇ ಕಾಣುವಲ್ಲಿ.

ಕ್ಷೌರದವರು ಈಗ ತಿಂಗಳಿಗೊಮ್ಮೆ ಬರುತ್ತಾರೆ, ತಲೆಗೂದಲಿಗೆ. ಗಡ್ಡ ಮಾವನದೇ. ಅರ್ಧ ಗಂಟೆ ಹಿಡಿಯುತ್ತದೆ. ಕೆನ್ನೆ ಉಬ್ಬಿಸಿ ಚರ್ಮ ಬಿಗಿ ಮಾಡಿಕೊಳ್ಳುತ್ತಾರೆ, ಚರ್ಮ ಎಳೆದು ಹಿಡಿಯಲು ಇನ್ನೊಂದು ಕೈ ಇಲ್ಲವಲ್ಲ. ಶಾಲೆಗೆ ತಡವಾಗುತ್ತದೆ ಅಂತ ಮಗಳು ಹೊರಗೆ ಕಾಯುತ್ತಾಳೆ, ಆದರೆ ಬಾಗಿಲು ಬಡಿಯುವುದಿಲ್ಲ.

ಗೂಡು ಮುಗಿದ ಮೊದಲ ವಾರ ಮಾವ ನಾಲ್ಕು ಚೀಟಿ ಬರೆದರು. ಪೋಸ್ಟಿನ ವಿಳಾಸ ಬರೆಯುವ ಹಾಗೆ, ನಡುಗುವ ಅಕ್ಷರದಲ್ಲಿ ನಾಲ್ವರ ಹೆಸರು. ಮಗಳು ಅವನ್ನು ಹಲಗೆಗಳ ಅಂಚಿಗೆ ಅಂಟಿಸಿದಳು. ಮರುದಿನ ನೋಡಿದರೆ, ಶಾಲೆಯ ಬ್ಯಾಗಿನಲ್ಲಿರುತ್ತಿದ್ದ ಅವಳ ಪ್ಯಾಡುಗಳು ಅವಳ ಹೆಸರಿನ ಹಿಂದೆ ಇದ್ದವು. ಪೇಪರ್ ಸುತ್ತಿರಲಿಲ್ಲ. ಒಂದು ತಿಂಗಳಲ್ಲಿ ಹಬೆಗೆ ಚೀಟಿಗಳೆಲ್ಲ ಕಿತ್ತುಬಂದವು. ಮತ್ತೆ ಅಂಟಿಸಲಿಲ್ಲ. ಯಾವುದು ಯಾರದೆಂದು ಅಷ್ಟರಲ್ಲಿ ಎಲ್ಲರಿಗೂ ಗೊತ್ತಿತ್ತು.